ಎರಡು ರಿಂಗಿನ ಒಪ್ಪಂದ

ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಲಾರಿ ಚಾಲಕನ ಹೆಂಡತಿ ಕಟಕಟೆ ಹತ್ತಿದಳು. ಮೊದಲ ಆರೋಪಿ ಅವಳ ಗಂಡ. ಎರಡನೆಯವನು ಅವಳ ತಮ್ಮ.

ಪ್ರಕರಣ ಮೂರು ವರ್ಷ ಹಳೆಯದು. ಔಷಧಿ ಪೆಟ್ಟಿಗೆ ತುಂಬಿದ್ದ ಲಾರಿಯನ್ನು ನಾಲ್ವರು ಹಾಡಹಗಲೇ ಅಡ್ಡಗಟ್ಟಿ, ಚಾಲಕನ ತಲೆಗೆ ಹೊಡೆದು, ಸರಕು ಸಾಗಿಸಿದ್ದರು. ಆ ನಾಲ್ವರಿಗೆ ಆಗಲೇ ಶಿಕ್ಷೆಯಾಗಿತ್ತು. ಉಳಿದದ್ದು ಒಳಸಂಚಿನ ಆರೋಪ. ಆ ದಿನದ ಕರೆಗಳ ದಾಖಲೆಯಲ್ಲಿ ಇದ್ದದ್ದು ಇಷ್ಟೆ: ಮಧ್ಯಾಹ್ನ 3.22ಕ್ಕೆ ಚಾಲಕನ ಫೋನಿನಿಂದ ಭಾವಮೈದುನನ ಪಂಕ್ಚರ್ ಅಂಗಡಿಯ ಫೋನಿಗೆ ಒಂದು ಮಿಸ್ಡ್ ಕಾಲ್. 3.31ಕ್ಕೆ ಅಂಗಡಿ ಫೋನಿನಿಂದ ದರೋಡೆಕೋರರಲ್ಲೊಬ್ಬನಿಗೆ ಒಂಬತ್ತು ಸೆಕೆಂಡಿನ ಕರೆ. 3.50ಕ್ಕೆ ದರೋಡೆ.

ಫೋನು ಗಲ್ಲಾದ ಮೇಲೆ ಬಿದ್ದಿರುತ್ತದೆ, ಯಾರು ಬೇಕಾದರೂ ಎತ್ತಿಕೊಳ್ಳುತ್ತಾರೆ ಎನ್ನುವುದು ತಮ್ಮನ ವಾದ. ಕರೆ ನನ್ನ ಹೆಂಡತಿಗಾಗಿತ್ತು ಎನ್ನುವುದು ಗಂಡನದು.

ಗಂಡ ಹೇಳಿದ್ದು ನಿಜವಾಗಿತ್ತು. ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ಒಳಗೆ ಫೋನು ಒಯ್ಯುವಂತಿರಲಿಲ್ಲ. ನಾಲ್ಕು ಗಂಟೆಯೊಳಗೆ ಓವರ್‌ಟೈಮ್ ಹಾಳೆಗೆ ಸಹಿ ಹಾಕಿದರೆ ರಾತ್ರಿ ಒಂಬತ್ತರವರೆಗೆ ಬಿಡುಗಡೆಯಿಲ್ಲ. ಗಂಡ ಊರಿಗೆ ಬರುವುದು ವಾರಕ್ಕೊಮ್ಮೆಯೋ ಎರಡು ಸಲವೋ. ಚಾಲನೆಯಲ್ಲಿ ಮಾತಾಡಿದರೆ ಕಂಪನಿ ದಂಡ ಹಾಕುತ್ತಿತ್ತು. ಹಾಗಾಗಿ ಟೋಲ್ ದಾಟಿದೊಡನೆ ಎರಡು ರಿಂಗ್ ಕೊಟ್ಟು ಕತ್ತರಿಸುವುದು. ಕಾರ್ಖಾನೆಯ ಎದುರಿಗೇ ಅಂಗಡಿ ಇಟ್ಟಿದ್ದ ತಮ್ಮ ಗೇಟಿನ ಕಾವಲುಗಾರನಿಗೆ ಹೇಳುವುದು. ಕಾವಲುಗಾರ ಅವಳಿಗೆ ತಿಳಿಸುವುದು. ಸುದ್ದಿ ಬಂದ ದಿನ ಅವಳು ಓವರ್‌ಟೈಮಿಗೆ ಸಹಿ ಹಾಕುತ್ತಿರಲಿಲ್ಲ. ಕಾವಲುಗಾರ ಹೋದ ವರ್ಷ ತೀರಿಕೊಂಡಿದ್ದ. ಇದನ್ನು ಹೇಳಲು ಉಳಿದವಳು ಅವಳೊಬ್ಬಳೇ.

ಕಟಕಟೆ ಹತ್ತುವ ಮುಂಚೆ ಕೋರ್ಟಿನ ಮೊಗಸಾಲೆಯಲ್ಲಿ ಗಂಡನ ಪರ ವಕೀಲ ಅವಳನ್ನು ಪಕ್ಕಕ್ಕೆ ಕರೆದಿದ್ದ.

“ಒಳಸಂಚು ಅಂದ್ರೆ ಒಪ್ಪಂದ ಅಮ್ಮ. ಇಬ್ಬರು ಕೂತು ಗುಸುಗುಸು ಮಾತಾಡಿದ್ದನ್ನ ಕಂಡವರು ಯಾರಿರ್ತಾರೆ? ಅದಕ್ಕೇ ಕೋರ್ಟು ನಡವಳಿಕೆ ನೋಡಿ ಊಹಿಸುತ್ತೆ. ಒಂದೊಂದೇ ಕೊಂಡಿ ಹಾಕ್ಕೊಂಡು ಹೋಗುತ್ತೆ. ಈ ಕರೆಗೆ ಬೇರೆ ಕಾರಣ ಇತ್ತು ಅಂತ ನೀವು ತೋರಿಸಬೇಕು.”

“ತಮ್ಮನ ಹೆಸರು ಎತ್ತದೆ ಹೇಳೋಕಾಗಲ್ವಾ ಸಾರ್?”

“ಸುದ್ದಿ ತಂದವನನ್ನ ಬಿಟ್ಟು ಸುದ್ದಿ ಹೇಗಮ್ಮ ಬರುತ್ತೆ?”

ಬೆಂಚಿನ ಮೇಲಿದ್ದ ತಾಯಿಗೆ ಇದೆಲ್ಲ ಕೇಳಿಸಿತ್ತು. “ಹೇಳು, ಹೇಳು. ಅವನೇನು ಬೀದೀಲಿ ಸಿಕ್ಕಿದವನಾ? ನೀನೇ ಸೊಂಟದ ಮೇಲೆ ಹೊತ್ತು ತಿರುಗಿದ ಕೂಸು.”

“ಆ ಕೂಸೇ ನನ್ನ ಸಂಸಾರಕ್ಕೆ ಬೆಂಕಿ ಇಟ್ಟಿದ್ರೆ ಅಮ್ಮ?”

“ಇಟ್ಟಿದ್ದನ್ನ ನೀನು ಕಂಡೆಯಾ?”

ಅವಳು ಕಂಡಿರಲಿಲ್ಲ.

ಕಟಕಟೆಯಲ್ಲಿ ಅವಳು ಎರಡು ರಿಂಗಿನ ಏರ್ಪಾಡನ್ನು ವಿವರಿಸಿದ ಮೇಲೆ ಗಂಡನ ವಕೀಲ ಕೇಳಿದ: “ದರೋಡೆ ಆದ ದಿನ ಸುದ್ದಿ ಬಂದಿತ್ತಾ?”

“ಬಂದಿತ್ತು ಸಾರ್. ಕಾವಲುಗಾರ ನನ್ನ ಮಿಷನ್ ಹತ್ರ ಬಂದು, ‘ನಿಮ್ಮ ಯಜಮಾನರ ಸವಾರಿ ಟೋಲ್ ದಾಟಿತಂತೆ, ತಮ್ಮ ಹೇಳಿ ಕಳಿಸಿದಾನೆ’ ಅಂದ. ಯಾವಾಗಲೂ ಹೀಗೇ ಛೇಡಿಸೋನು.”

ನ್ಯಾಯಾಧೀಶೆ ಅದನ್ನು ಬರೆಸಿಕೊಂಡರು. ಅವಳ ತಮ್ಮ ತಲೆ ಎತ್ತಲಿಲ್ಲ. ತಾಯಿ ಎದ್ದು ಹೊರಗೆ ಹೋದಳು.

ಸರ್ಕಾರಿ ವಕೀಲ ನಿಧಾನವಾಗಿ ಎದ್ದ. “ಅಂದ್ರೆ ಕರೆ ಬಂದಾಗ ಅಂಗಡೀಲಿ ಫೋನು ಹಿಡಿದಿದ್ದವನು ನಿಮ್ಮ ತಮ್ಮನೇ.”

“ಹೌದು.”

“ಎರಡು ರಿಂಗ್ ಅಂದ್ರೆ ಲಾರಿ ಟೋಲ್ ದಾಟಿದೆ ಅಂತ ಅವನಿಗೆ ಗೊತ್ತಿತ್ತು.”

“ಗೊತ್ತಿತ್ತು.”

“ಈ ಏರ್ಪಾಡು ಮಾಡಿದವರು?”

“ನನ್ನ ಯಜಮಾನರು. ನನಗೋಸ್ಕರ. ದರೋಡೆಗೆ ಮುಂಚೆ ನಾಲ್ಕು ವರ್ಷದಿಂದ ಹೀಗೇ ನಡೆದಿತ್ತು ಸಾರ್.”

“ಅದಕ್ಕೆ ದಾಖಲೆ?”

ದಾಖಲೆಗಾಗಿ ಅವಳು ಅಲೆದಿದ್ದಳು. ಫೋನ್ ಕಂಪನಿ ಎರಡು ವರ್ಷ ಮೀರಿದ ಕರೆಗಳ ಪಟ್ಟಿಯನ್ನು ಅಳಿಸಿಹಾಕಿತ್ತು. ಪೊಲೀಸರು ಆಗ ತರಿಸಿಟ್ಟುಕೊಂಡಿದ್ದು ದರೋಡೆಯಾದ ತಿಂಗಳಿನದ್ದು ಮಾತ್ರ. ಹಳೆಯ ಓವರ್‌ಟೈಮ್ ಹಾಳೆಗಳನ್ನು ಕಾರ್ಖಾನೆ ರದ್ದಿಗೆ ಹಾಕಿತ್ತು.

“ಇರೋದು ಒಂದು ತಿಂಗಳ ಲೆಕ್ಕ. ಆರು ಕರೆ. ಐದು ತಾಲೀಮು, ಆರನೇದು ನಾಟಕ ಅಂತ ನಾನು ಹೇಳಿದ್ರೆ?” ಎಂದ ಸರ್ಕಾರಿ ವಕೀಲ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

“ನಾಟಕ ಆಗಿದ್ರೆ ಅವರ ತಲೆಗೆ ಏಳು ಹೊಲಿಗೆ ಯಾಕೆ ಬೀಳ್ತಿತ್ತು ಸಾರ್?”

“ಪಾತ್ರ ಮೈಮೇಲೆ ಬಂದಿರಬೇಕು,” ಎಂದು ಆತ ಕೂತ.

ಹತ್ತೊಂಬತ್ತು ದಿನಗಳ ಬಳಿಕ ತೀರ್ಪು ಬಂತು. ಅವಳ ಸಾಕ್ಷ್ಯಕ್ಕೆ ಮೂರು ಪುಟ ಮೀಸಲಾಗಿತ್ತು. ಒಡಹುಟ್ಟಿದವನ ವಿರುದ್ಧ ಸುಳ್ಳು ಹೇಳಲು ಸಾಕ್ಷಿಗೆ ಕಾರಣವಿಲ್ಲ. ಆದ್ದರಿಂದ ಕರೆಯನ್ನು ಗಮನಿಸಿದ್ದು ಎರಡನೇ ಆರೋಪಿಯೇ, ಅದರ ಅರ್ಥ ಅವನಿಗೆ ತಿಳಿದಿತ್ತು ಎಂಬ ಮಾತು ನಂಬಲರ್ಹ. ಕರೆ ತನಗಾಗಿತ್ತು, ಹಿಂದಿನಿಂದಲೂ ನಡೆದುಬಂದಿತ್ತು ಎಂಬುದು ಗಂಡನನ್ನು ಉಳಿಸಿಕೊಳ್ಳಲು ಹೆಂಡತಿ ಆಡಿದ ಮಾತು; ಬೇರೆ ಆಧಾರವಿಲ್ಲದೆ ಅದನ್ನು ಒಪ್ಪಲಾಗದು. ಮುಂಚಿತವಾಗಿ ಗೊತ್ತುಪಡಿಸಿಕೊಂಡ ಸಂಕೇತವೊಂದು ಆರೋಪಿಗಳ ನಡುವೆ ಇತ್ತೆಂದು ಸಾಬೀತಾಗಿದೆ. ಇಬ್ಬರಿಗೂ ಹತ್ತು ವರ್ಷ.

ಗಂಡನ ವಕೀಲ ಆ ಪುಟಗಳನ್ನು ಎರಡು ಸಲ ಓದಿ ಹೇಳಿದ. ಎರಡನೇ ಸಲ ಮುಗಿದಾಗ ಅವಳು ಕೇಳಿದಳು, “ನಾನು ಸುಮ್ಮನಿದ್ದಿದ್ರೆ?”

ಅವನು ಕಾಗದ ಮಡಚಿದ. “ಫೋನು ಯಾರ ಕೈಲಿತ್ತು ಅನ್ನೋ ಕೊಂಡಿ ಅವರ ಹತ್ರ ಇರಲಿಲ್ಲ.”

“ಇಬ್ಬರೂ ಬಿಡುಗಡೆ ಆಗ್ತಿದ್ರಾ?”

“ಹೇಳೋಕಾಗಲ್ಲಮ್ಮ,” ಎಂದ. ಕಾಗದವನ್ನು ಕಡತಕ್ಕೆ ಸೇರಿಸುತ್ತ, “ಆಗಬಹುದಿತ್ತು,” ಎಂದ.

ಗಂಡನನ್ನು ವ್ಯಾನಿಗೆ ಹತ್ತಿಸುವಾಗ ಅವಳಿಗೆ ಒಂದು ನಿಮಿಷ ಸಿಕ್ಕಿತು. “ನೀನು ಇದ್ದದ್ದನ್ನೇ ಹೇಳಿದೆ ಬಿಡು,” ಎಂದ ಅವನು. ಅವಳ ಮುಖ ನೋಡದೆ ಹೇಳಿದ.

ಮೇಲ್ಮನವಿಗಳು ಎರಡಾದವು. ಗಂಡನದರಲ್ಲಿ, ಹೆಂಡತಿ ಹೇಳಿದ್ದು ಪೂರ್ತಿ ಸತ್ಯವೆಂದು ವಾದ. ತಮ್ಮನದರಲ್ಲಿ, ಅಕ್ಕ ಗಂಡನಿಗಾಗಿ ಸುಳ್ಳುಸಾಕ್ಷಿ ನುಡಿದಳೆಂದು ವಾದ. ತಮ್ಮನ ಅರ್ಜಿಯ ಜೊತೆಗಿದ್ದ ಪ್ರಮಾಣಪತ್ರಕ್ಕೆ ತಾಯಿ ಸೋಮವಾರ ಸಹಿ ಹಾಕಿದಳು.