ಹನ್ನೊಂದು ಜನಕ್ಕೆ ಹೋದ ಮೆಸೇಜು

"ರೆಡಿ ಆಗಿಲ್ಲ ಅಜ್ಜಾ. ಮೆಸೇಜು ತಪ್ಪಾಗಿ ಬಂದಿದೆ. ತಪ್ಪು ನನ್ನದು."

ಹುಡುಗ ಹೀಗೆ ಹೇಳಿದ್ದು ಇದು ಮೂರನೆಯ ಸಲ. ಮುದುಕರು ಕಿವಿಗೆ ಅಂಗೈ ಹಿಡಿದು, "ಇನ್ನೂ ಸ್ವಲ್ಪ ಜೋರಾಗಿ ಹೇಳಪ್ಪ" ಎಂದರು. ಹೇಳಿದ. ಬೀದಿಯಾಚೆಯ ಟೈಲರ್ ಹೊಲಿಗೆ ನಿಲ್ಲಿಸಿ ಇತ್ತ ನೋಡಿದ. ಬೇರೆ ಕಡೆಗಳಲ್ಲಿ ಮನುಷ್ಯ ತನ್ನ ತಪ್ಪನ್ನು ತಲೆ ತಗ್ಗಿಸಿ, ಮೆಲ್ಲಗೆ, ಒಬ್ಬರೆದುರು ಒಪ್ಪಿಕೊಂಡು ಪಾರಾಗಬಹುದು. ಕಿವಿಯ ಮಷಿನ್ ರಿಪೇರಿ ಮಾಡುವ ಜಾಗದಲ್ಲಿ ಆ ಸೌಕರ್ಯವಿಲ್ಲ. ಬೆಂಚಿನಲ್ಲಿ ಇನ್ನೂ ಹತ್ತು ಜನ ಇದ್ದರು. ಎಲ್ಲರ ಫೋನಿನಲ್ಲೂ ಬೆಳಿಗ್ಗೆ ಎಂಟಕ್ಕೆ ಬಂದ ಅದೇ ಮೆಸೇಜು: ನಿಮ್ಮ ಮಷಿನ್ ಸಿದ್ಧವಾಗಿದೆ, ಬಂದು ತೆಗೆದುಕೊಂಡು ಹೋಗಿ. ಎಲ್ಲರ ಮಷಿನೂ ಒಳಕೋಣೆಯ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು.

ಮೆಸೇಜು ಕಳಿಸಿದ್ದು ಅವನ ರೋಬೋ. ಕೈಕಾಲಿರುವ ರೋಬೋ ಅಲ್ಲ. ಗುಮಾಸ್ತರು ಕಂಪ್ಯೂಟರಿನಲ್ಲಿ ದಿನಾ ಮಾಡುವುದನ್ನು ಹಾಗೇ ಮಾಡಿ ಮುಗಿಸುವ ಪ್ರೋಗ್ರಾಮು. ಅದು ಕೆಲಸಕ್ಕಿಳಿದದ್ದೇ ಈ ಬೆಳಿಗ್ಗೆ. ಆರು ವಾರದ ಕೋರ್ಸು ಮುಗಿಸಿ ಸೇರಿದ್ದ ಅವನನ್ನು ಎಲ್ಲರೂ 'ಇಂಜಿನಿಯರ್ರು' ಎನ್ನುತ್ತಿದ್ದರು. ಮೊದಲ ವಾರವೆಲ್ಲ ಅವನು ಅದನ್ನು ಗೌರವವೆಂದೇ ತಿಳಿದಿದ್ದ.

ಕೋರ್ಸಿನ ಮೊದಲ ಪಾಠವೇ, ಕೆಲಸದ ನಡಿಗೆ ನೋಡಿ ನಕ್ಷೆ ಆರಿಸಬೇಕು ಎನ್ನುವುದು. ಮೆಟ್ಟಿಲಿಳಿದಂತೆ ಒಂದಾದ ಮೇಲೊಂದು ಆಗುವುದಾದರೆ ಸೀಕ್ವೆನ್ಸು. ಹೌದು, ಇಲ್ಲ ಎಂದು ಕವಲೊಡೆಯುವುದಾದರೆ ಫ್ಲೋಚಾರ್ಟು. ಎಲ್ಲೋ ನಿಂತು, ಯಾರಿಗೋ ಕಾದು, ಸುದ್ದಿ ಬಂದ ಮೇಲೆ ಮುಂದಕ್ಕೋ ಹಿಂದಕ್ಕೋ ಹೋಗುವುದಾದರೆ ಸ್ಟೇಟ್ ಮಷಿನ್. ಇದನ್ನು ಅವನು ನಿದ್ದೆಗಣ್ಣಿನಲ್ಲೂ ಒಪ್ಪಿಸಬಲ್ಲವನಾಗಿದ್ದ. ಬಹುಶಃ ಒಪ್ಪಿಸಿದ್ದೂ ಹಾಗೆಯೇ.

ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದ ದೊಡ್ಡಕ್ಕನನ್ನು ಅವನು ಕೇಳಿದ್ದ, ಕೆಲಸ ಹೇಗೆ ನಡೆಯುತ್ತದೆ ಎಂದು. ಅವಳು ಪಾರ್ಸೆಲ್ಲಿಗೆ ಟೇಪು ಸುತ್ತುತ್ತಲೇ, "ಮಷಿನ್ ಬರುತ್ತೆ, ನಂಬರ್ ಬರ್ಕೋತೀನಿ, ಒಳಗೆ ರಿಪೇರಿಗೆ ಕೊಡ್ತೀನಿ, ಮೆಸೇಜ್ ಕಳಿಸ್ತೀನಿ. ಅಷ್ಟೇ ಮರಿ" ಎಂದಿದ್ದಳು. ನಾಲ್ಕು ಮೆಟ್ಟಿಲು. ಅವನು ನಾಲ್ಕು ಚೌಕ ಎಳೆದು, ಒಂದರ ಕೆಳಗೊಂದು ಜೋಡಿಸಿ, ಸೀಟಿ ಹಾಕುತ್ತ ಊಟಕ್ಕೆ ಹೋದ. ಮೂರನೆಯ ಮೆಟ್ಟಿಲಿಗೂ ನಾಲ್ಕನೆಯದಕ್ಕೂ ನಡುವೆ ಒಂದೊಂದು ಸಲ ಐದು ದಿನ ಹಿಡಿಯುತ್ತದೆ. ಆ ಐದೂ ದಿನ ದೊಡ್ಡಕ್ಕ ಒಳಕೋಣೆಗೆ ಇಣುಕಿ "ಆಯ್ತೇನಪ್ಪ?" ಎನ್ನುತ್ತಿರುತ್ತಾಳೆ. ಅದನ್ನು ಅವನು ಮೂರು ತಿಂಗಳಿಂದ ನೋಡುತ್ತ ಬಂದಿದ್ದ. ಹರಟೆ ಎಂದುಕೊಂಡಿದ್ದ. ರೋಬೋ ಕಾಯದೆ, ಒಳಗೆ ಕೊಟ್ಟಿದ್ದ ಹನ್ನೊಂದು ಮಷಿನಿಗೂ ಮೆಸೇಜು ಕಳಿಸಿಬಿಟ್ಟಿತು.

ಬೆಂಚು ಖಾಲಿಯಾದ ಮೇಲೆ ಮ್ಯಾನೇಜರು ಕರೆದರು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

"ಇವತ್ತಿಗೆ ನಿನ್ನ ಮೂರು ತಿಂಗಳು ಮುಗೀತು. ಸಂಜೆ ಐದಕ್ಕೆ ಖಾಯಂ ಆಗೋರ ಪಟ್ಟಿ ಕಳಿಸ್ತೀನಿ. ನಿನ್ನ ರೋಬೋ ನಮಗಾಗುತ್ತೆ ಅಂತ ದೊಡ್ಡಕ್ಕ ಸಹಿ ಹಾಕಿದ್ರೆ ನಿನ್ನ ಹೆಸರು ಇರುತ್ತೆ. ಇಲ್ಲಾಂದ್ರೆ ನಾಳೆಯಿಂದ ಬೇರೆ ಕಡೆ ನೋಡ್ಕೋ."

ಅವನು ಊಟ ಬಿಟ್ಟು ಕೂತ. ಸೀಕ್ವೆನ್ಸು ಕಿತ್ತೆಸೆದು ಸ್ಟೇಟ್ ಮಷಿನ್ ಕಟ್ಟಿದ. ಬಂತು, ರಿಪೇರಿಯಲ್ಲಿದೆ, ಬಿಡಿಭಾಗಕ್ಕೆ ಕಾಯುತ್ತಿದೆ, ಸಿದ್ಧ, ಕೊಟ್ಟಾಯಿತು: ಐದು ವೃತ್ತ, ನಡುವೆ ಬಾಣಗಳು. 'ಸಿದ್ಧ'ಕ್ಕೆ ಹಸಿರು ಬಣ್ಣವನ್ನೂ ಕೊಟ್ಟ. ಒಪ್ಪುವ ಹಸಿರು ಹುಡುಕಲು ಇಪ್ಪತ್ತು ನಿಮಿಷ ಹಿಡಿಯಿತು. ನಾಲ್ಕೂವರೆಗೆ ನಕ್ಷೆಯ ಪ್ರಿಂಟೂ ಸಹಿಯ ಕಾಗದವೂ ದೊಡ್ಡಕ್ಕನ ಮುಂದಿದ್ದವು.

ಅವಳು ಕನ್ನಡಕ ಏರಿಸಿಕೊಂಡಳು. "ಚೆನ್ನಾಗಿದೆ ಕಣೋ. ಮಕ್ಕಳ ಆಟದ ಹಾಳೆ ಥರ ಇದೆ."

"ಒಳಗಿಂದ ಹೇಳೋವರೆಗೂ ಕಾಯುತ್ತೆ ಅಕ್ಕ. ಮುಂಚೆ ಒಂದು ಮೆಸೇಜೂ ಹೋಗಲ್ಲ."

"ನಿನಗಿಂತ ಬುದ್ಧಿ ಇದೆ ಅನ್ನು."

"ಅದಕ್ಕೆ ಜಾಸ್ತಿ ಏನೂ ಬೇಕಾಗಿಲ್ಲ ಬಿಡಿ."

ದೊಡ್ಡಕ್ಕ ನಕ್ಕಳು. ಬೆರಳು ಬಾಣಗಳ ಮೇಲೆ ಸಾಗಿ ಹಸಿರಿನ ಮೇಲೆ ನಿಂತಿತು.

"ಹೋದ ವಾರ ಟೀಚರಮ್ಮನ ಮಷಿನ್ ರಿಪೇರಿ ಆಗಿ ನನ್ನ ಕೈಗೆ ಬಂತು. ಪರೀಕ್ಷೆ ಮಾಡೋ ನಳಿ ಸಿಗಿಸಿ ಕೇಳಿದ್ರೆ ಬರೀ ಕುಯ್ ಅಂತಿದೆ. ತಿರುಗಿ ಒಳಗೆ ಕೊಟ್ಟೆ. ವಾರಕ್ಕೆ ಎರಡು ಹೀಗಾಗುತ್ತೆ. ಇದರಲ್ಲಿ ಇಲ್ಲಿಂದ ಹಿಂದಕ್ಕೆ ಹೋಗೋದು ಹೇಗೆ?"

ಅವನು ನೋಡಿದ. ಹಸಿರಿನಿಂದ ಹೊರಟಿದ್ದ ಬಾಣ ಒಂದೇ, ಅದೂ ಮುಂದಕ್ಕೆ. ಪೆನ್ನು ತೆಗೆದು ಹಾಳೆಯ ಮೇಲೆ ಹಿಂದಕ್ಕೊಂದು ಬಾಣ ಎಳೆದ. ತುಸು ಸೊಟ್ಟಗಾಯಿತು.

"ಈಗ ಇದೆ ಅಕ್ಕ."

"ಹಾಳೇಲಿದೆ. ಕಂಪ್ಯೂಟರಲ್ಲಿ?"

"ನಾಳೆ ಹಾಕ್ತೀನಿ."

"ಹಾಕಿ, ಸರಿಯಾಗಿದೆಯಾ ಅಂತ ನೋಡೋಕೆ?"

"ಎರಡು ದಿನ." ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು. "ಅಕ್ಕ, ಐದಾದ್ರೆ ನಾನಿಲ್ಲ. ಈಗ ಸಹಿ ಹಾಕಿಬಿಡಿ. ರಾತ್ರಿಯೆಲ್ಲ ಕೂತು ಸರಿ ಮಾಡ್ತೀನಿ, ನಿಮ್ಮಾಣೆ."

"ಆಣೆಗೆ ಇದರಲ್ಲಿ ವೃತ್ತ ಇಲ್ವಲ್ಲೋ."

ಅವನು ನಗಲು ನೋಡಿದ, ಆಗಲಿಲ್ಲ. ಪೆನ್ನನ್ನು ಅವಳ ಬೆರಳಿಗೆ ತಾಗುವಷ್ಟು ಹತ್ತಿರ ಹಿಡಿದ. ದೊಡ್ಡಕ್ಕನ ಮುಖದಲ್ಲಿ ಕೋಪವಿದ್ದಂತೆ ಅವನಿಗೆ ಕಾಣಲಿಲ್ಲ. ಕನ್ನಡಕ ತೆಗೆದು ಮಡಿಸಿದಳು.

"ಹಾಕಲ್ಲ," ಎಂದಳು.