ಹನ್ನೊಂದು ನಿಮಿಷ

ಅಕ್ಕ ಚದುರಂಗ ಕಲಿತದ್ದು ಏಳನೇ ವಯಸ್ಸಿಗೆ, ಅಪ್ಪನ ಎದುರು ಚಕ್ಕಳಮಕ್ಕಳ ಹಾಕಿ ಕೂತು. ಹತ್ತು ನಡೆಗೆ ಸೋಲುತ್ತಿದ್ದವಳು ಇಪ್ಪತ್ತಕ್ಕೆ, ಮೂವತ್ತಕ್ಕೆ ಸೋಲುವಂತಾಗಿ, ಕೊನೆಗೊಂದು ದಿನ ಅಪ್ಪನನ್ನೇ ಕಟ್ಟಿಹಾಕಿದಳು. ಈಗಲೂ ತನ್ನ ಔಷಧಿ ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಕೌಂಟರಿನ ಕೆಳಗೆ ಚದುರಂಗದ ಪುಸ್ತಕ ಬಿಚ್ಚುತ್ತಾಳೆ. ಹೀಗೆ ಮೂವತ್ತು ವರ್ಷ ಒದ್ದಾಡಿ ಕ್ಲಬ್ಬಿನಲ್ಲಿ ಎರಡನೆಯವಳಾಗಿದ್ದಾಳೆ.

ಮೊದಲನೆಯವಳು ತಂಗಿ. ಅವಳಿಗೆ ಕಾಯಿಗಳ ಹೆಸರಿನಿಂದ ಹಿಡಿದು ಎಲ್ಲವನ್ನೂ ಹೇಳಿಕೊಟ್ಟದ್ದು ಅಕ್ಕನೇ; ಹತ್ತು ತುಂಬುವ ಮೊದಲೇ ಹುಡುಗಿ ಗುರುವಿಗೇ ತಿರುಮಂತ್ರ ಹಾಕಿದಳು. ಅಂದಿನಿಂದ ಅಕ್ಕ ಒಮ್ಮೆಯೂ ಗೆದ್ದಿಲ್ಲ. ಪುಸ್ತಕ ಮುಟ್ಟದವಳು, ಆಡುವಾಗ ಹಾಡು ಗುನುಗುವವಳು, ಗೆದ್ದ ಮೇಲೆ "ಚೆನ್ನಾಗಿ ಆಡ್ದೆ ಅಕ್ಕ" ಎನ್ನುವವಳು! ಸೋಲನ್ನಾದರೂ ನುಂಗಬಹುದು, ಆ ಸಮಾಧಾನದ ಮಾತಿಗೆ ಅಕ್ಕನ ಹೊಟ್ಟೆ ಧಗಧಗ ಉರಿಯುತ್ತಿತ್ತು. ತಂಗಿಯೆಂದರೆ ಪ್ರಾಣ, ನಿಜ. ಪ್ರಾಣವೇ ಎದುರು ಕೂತು ಮಂತ್ರಿಯನ್ನು ಹೊಡೆದರೆ ಯಾರು ತಾನೇ ಮುದ್ದಿಸುತ್ತಾರೆ?

ಈ ವರ್ಷವೂ ಕೊನೆಯ ಪಂದ್ಯಕ್ಕೆ ಉಳಿದವರು ಅವರಿಬ್ಬರೇ. ಒಂದೇ ಒಂದು ಸಲ ಇವಳನ್ನು ಸೋಲಿಸಬೇಕು ಎಂಬುದು ಅಕ್ಕನ ಹಟ. ನಡು ಆಟದಲ್ಲಿ ತಂಗಿ ಮಂತ್ರಿಯನ್ನು ಸರಿಸಿದವಳು ಗಡಿಯಾರದ ಗುಂಡಿ ಒತ್ತಲು ಮರೆತಳು. ಒತ್ತದಿದ್ದರೆ ಎದುರಾಳಿಯ ಸಮಯ ಓಡುವುದಿಲ್ಲ, ತನ್ನದೇ ಕರಗುತ್ತದೆ. ಹಾಗೆ ಮರೆತವರಿಗೆ ಎದುರಿನವರು ಗಡಿಯಾರದತ್ತ ಬೆರಳು ತೋರಿಸುವುದು ಆ ಕ್ಲಬ್ಬಿನ ರೂಢಿ, ನಿಯಮವೇನಲ್ಲ. ತಂಗಿಗೆ ಉಳಿದಿದ್ದದ್ದು ಹನ್ನೊಂದು ನಿಮಿಷ; ಅದು ಮುಗಿದರೆ ಆಟ ಸೋತಂತೆ.

ಅಕ್ಕ ಬೆರಳು ಮಡಚಿಕೊಂಡಳು. ಗಲ್ಲಕ್ಕೆ ಕೈಯಿಟ್ಟು ಯೋಚಿಸುವವಳಂತೆ ನಟಿಸುತ್ತ, ಓರೆಗಣ್ಣಲ್ಲಿ ಗಡಿಯಾರವನ್ನೇ ಕಾದಳು. ತಂಗಿಯ ಗುನುಗು ನಿಂತಿತ್ತು. ಬಗ್ಗಿಸಿದ ತಲೆ ಎತ್ತಲಿಲ್ಲ. ಒಂಬತ್ತು. ಐದು. ಎರಡು. ಸೊನ್ನೆ.

"ನಿನ್ನ ಟೈಮ್ ಮುಗೀತು," ಎಂದಳು ಅಕ್ಕ.

ತಂಗಿ ಗಡಿಯಾರ ನೋಡಿ ಹಣೆ ಚಚ್ಚಿಕೊಂಡು ನಕ್ಕಳು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷ.

"ಗಡಿಯಾರ ಬಿಡು ಅಕ್ಕ, ಹೇಗೂ ನಾನು ಸೋತಿದ್ದೆ," ಎಂದಳು ತಂಗಿ. "ಮಂತ್ರಿ ಸರಿಸಿದ ತಕ್ಷಣ ಗೊತ್ತಾಯ್ತು, ಕೆಟ್ಟೆ ಅಂತ. ಆ ಗಾಬರೀಲೇ ಗುಂಡಿ ಒತ್ತೋದು ಮರೆತೆ. ಇಲ್ಲಿ ನೀನು ಆನೆ ಕೊಟ್ಟಿದ್ರೆ ನಾನು ಹೊಡೀಲೇಬೇಕಿತ್ತು. ಆಮೇಲೆ ಕುದುರೆ ಇಲ್ಲಿಗೆ ಬಂದ್ರೆ ರಾಜನಿಗೆ ಓಡೋಕೆ ಮನೆಯೇ ಇಲ್ಲ."

ಎರಡೇ ನಡೆ. ಅಷ್ಟು ಹೊತ್ತಿನಲ್ಲಿ ಅಕ್ಕ ಬೋರ್ಡಿನ ಕಡೆ ಕಣ್ಣು ಹಾಯಿಸಿದ್ದು ಅದೇ ಮೊದಲು.

"ನೀನು ಅದನ್ನೇ ಲೆಕ್ಕ ಹಾಕ್ತಿದ್ದೆ ಅಲ್ವಾ?" ತಂಗಿ ಕೇಳಿದಳು. "ಈ ಸಲ ನನ್ನ ಕತೆ ಮುಗೀತು ಅಂತ ಉಸಿರು ಬಿಗಿಹಿಡಿದು ಕೂತಿದ್ದೆ."

"ಹೂಂ," ಎಂದಳು ಅಕ್ಕ, ಆನೆಯ ಮೇಲಿಟ್ಟ ಕಣ್ಣು ಕೀಳದೆ.