ಎರವಲು ಎದೆ

“ಎಡಕ್ಕೆ... ಇನ್ನೂ ಸ್ವಲ್ಪ... ಬರ್ಲಿ, ಬರ್ಲಿ... ಹೋಲ್ಡಾನ್.”

ಗೂಬೆ ಎಂದೇ ಎಲ್ಲರೂ ಕರೆಯುತ್ತಿದ್ದ ಗೆಳೆಯನ ಶವಪೆಟ್ಟಿಗೆ ಹೊತ್ತು ಮೂರನೇ ಮಹಡಿಯಿಂದ ಇಳಿಯುತ್ತಿದ್ದ ಆರು ಜನ ಲಾರಿ ಡ್ರೈವರುಗಳು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಪೆಟ್ಟಿಗೆಯ ಮೂಲೆ ತಾಗಿ ಗೋಡೆಯ ಸುಣ್ಣ ಉದುರಿತು.

“ನಲವತ್ತಡಿ ಟ್ರೇಲರನ್ನ ಇವನು ಸಂದಿಗೊಂದಿಯಲ್ಲಿ ರಿವರ್ಸ್ ಹೊಡೀತಿದ್ದ. ನಾವು ಆರು ಜನ ಸೇರಿ ಇವನೊಬ್ಬನನ್ನ ತಿರುಗಿಸೋಕಾಗ್ತಿಲ್ಲ,” ಎಂದ ಮುಂದಿನ ತುದಿ ಹಿಡಿದಿದ್ದ ಡ್ರಮ್ಮು. ಆ ಹೆಸರು ಯಾಕೆ ಬಂತೆಂದು ಅವನ ಹೊಟ್ಟೆ ನೋಡಿದವರಿಗೆ ಹೇಳಬೇಕಾಗಿರಲಿಲ್ಲ.

ಅಂಗಳ ಮುಟ್ಟುವಷ್ಟರಲ್ಲಿ ಎಲ್ಲರೂ ಬೆವೆತಿದ್ದರು. ಶವದ ಗಾಡಿ ಇನ್ನೂ ಬಂದಿರಲಿಲ್ಲ. ಕಾಯುವ ಕೆಲಸ ಬಿದ್ದರೆ ಡ್ರೈವರುಗಳ ಬಾಯಿ ಸುಮ್ಮನಿರುತ್ತದೆಯೇ? ಗೂಬೆ ಒಂದು ಕಣ್ಣಲ್ಲಿ ನಿದ್ದೆ ಮಾಡಿ ಇನ್ನೊಂದರಲ್ಲಿ ರಸ್ತೆ ನೋಡುತ್ತಿದ್ದ ಎಂದ ಒಬ್ಬ. ಇಳಿಜಾರಿನಲ್ಲಿ ಅವನ ಗೊರಕೆಗೆ ಹೆದರಿ ಎದುರಿನ ಗಾಡಿಗಳು ದಾರಿ ಬಿಡುತ್ತಿದ್ದವು ಎಂದ ಇನ್ನೊಬ್ಬ. ಮೊನ್ನೆ ಇಪ್ಪತ್ತು ಗಂಟೆ ಓಡಿಸಿ, ಗೋದಾಮಿನ ಮುಂದೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಎದೆ ಹಿಡಿದುಕೊಂಡಿದ್ದ. ಈ ಒಂದು ಮಾತಿಗೆ ಮಾತ್ರ ಯಾರೂ ಉಪ್ಪುಖಾರ ಹಚ್ಚಲಿಲ್ಲ.

ಡ್ರಮ್ಮು ಕೂತಲ್ಲಿ ಕೂರಲಿಲ್ಲ. ಗೇಟಿನವರೆಗೆ ಹೋಗಿ ಬಂದ, ಮತ್ತೆ ಹೋದ. ಕುರ್ಚಿಯಲ್ಲಿ ಕೂತರೆ ಬಲಗಾಲು ತನ್ನಷ್ಟಕ್ಕೆ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಗೂಬೆಯ ಹೆಂಡತಿ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. ಹೊರಡುವ ಮುಂಚೆ ಎದೆ ಉರಿ ಅಂದಿದ್ದ. ಗ್ಯಾಸ್ ಇರಬೇಕೆಂದು ಅವಳೇ ಮಾತ್ರೆ ಕೊಟ್ಟಿದ್ದಳು. ಡ್ರಮ್ಮಿಗೂ ಅದನ್ನೇ ಹೇಳಿದಳು.

“ಕಳಿಸಿದ್ದು ನಾನೇ ಅಣ್ಣ. ಹೊತ್ತಾಯ್ತು ಹೊರಡಿ ಅಂತ ಚಪ್ಪಲಿನೂ ನಾನೇ ತಂದಿಟ್ಟೆ.”

ಡ್ರಮ್ಮು ಮತ್ತೆ ಗೇಟಿನ ಕಡೆ ನಡೆದ.

* * *

ಎರಡು ತಿಂಗಳ ಹಿಂದೆ ತೂಕ ಜಾಸ್ತಿ ಇರುವ ಡ್ರೈವರುಗಳಿಗೆಲ್ಲ ಎದೆ ಪರೀಕ್ಷೆ ಎಂದು ಕಂಪನಿ ಸಾರಿತ್ತು. ಸಣಕಲು ಗೂಬೆಯನ್ನು ಯಾರೂ ಕರೆದಿರಲಿಲ್ಲ. ಫೇಲಾದರೆ ಸ್ಟೇರಿಂಗ್ ಹೋದಂತೆ ಎಂದು ಡ್ರಮ್ಮು ಗೂಬೆಯನ್ನು ಹುಡುಕಿಕೊಂಡು ಹೋಗಿದ್ದ.

“ನಿನ್ನ ಎದೆ ಒಂದು ಗಂಟೆ ಎರವಲು ಕೊಡೋ.”

“ವಾಪಸ್ ಕೊಡುವಾಗ ಟ್ಯಾಂಕ್ ಫುಲ್ ಮಾಡಿ ಕೊಡ್ಬೇಕು,” ಎಂದು ಗೂಬೆ ಡ್ರಮ್ಮಿನ ಹೆಸರಲ್ಲಿ ಪರೀಕ್ಷೆಯ ಕೋಣೆಯೊಳಗೆ ಹೋಗಿದ್ದ. ದಪ್ಪಗಿದ್ದೀರಿ ಎಂದು ಬರೆದಿದೆಯಲ್ಲ ಎಂದು ನರ್ಸ್ ಕೇಳಿದ್ದಕ್ಕೆ, ನಿಮ್ಮ ಭಯಕ್ಕೇ ಕರಗಿಹೋದೆ ಎಂದನಂತೆ.

ಪರೀಕ್ಷೆ ಮುಗಿಯಿತೆಂಬ ಸೀಲೊಂದೇ ಕಂಪನಿಗೆ ಸಾಕೆಂದು ಆಮೇಲೆ ತಿಳಿಯಿತು. ವರದಿ ವಾರದ ಮೇಲೆ ಡ್ರಮ್ಮಿನ ಮನೆಗೆ ಬಂತು. ಒಳಗಿರುವುದು ತನ್ನ ಎದೆಯಲ್ಲ, ನೋಡಿ ಆಗಬೇಕಾದ್ದೇನು ಎಂದು ಅವನು ಲಕೋಟೆ ಒಡೆಯಲಿಲ್ಲ. ಮೇಲಿರುವುದು ತನ್ನ ಹೆಸರಲ್ಲ ಎಂದು ಗೂಬೆ ಕೇಳಲಿಲ್ಲ.

ಡ್ರಮ್ಮು ಅದನ್ನು ಇವತ್ತು ಬೆಳಿಗ್ಗೆ ಒಡೆದ. ತಕ್ಷಣ ಆಸ್ಪತ್ರೆಗೆ ಬರಬೇಕು, ಅಲ್ಲಿಯವರೆಗೆ ಗಾಡಿ ಮುಟ್ಟಬಾರದು ಎಂದಿತ್ತು.

* * *

ಶವದ ಗಾಡಿ ಬಂತು. ಡ್ರೈವರುಗಳು ಎದ್ದರು. ಗೂಬೆಯ ಹೆಂಡತಿ ಪಕ್ಕದ ಮನೆಯಾಕೆಗೆ ಮತ್ತೆ ಮಾತ್ರೆಯ ಮಾತು ಶುರುಮಾಡಿದ್ದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಆದರೆ ಆ ಮಾತ್ರೆಯನ್ನು ಅವಳು ಸಾಯುವವರೆಗೂ ನುಂಗುತ್ತಲೇ ಇರಬೇಕಿತ್ತು.

ಡ್ರಮ್ಮು ಅವಳನ್ನು ಮೆಟ್ಟಿಲ ಬಳಿ ಕರೆದು, ನಿಂತಲ್ಲೇ ಕಾಲು ಬದಲಿಸುತ್ತ ಎಲ್ಲವನ್ನೂ ಹೇಳಿದ. ಕಾಗದ ಕೈಗಿತ್ತ.

“ಇದರಲ್ಲಿ ನಿಮ್ಮ ಹೆಸರಿದೆ.”

“ಹೆಸರು ನಂದು ತಂಗಿ. ಎದೆ ಅವನದು.”

“ಇಷ್ಟು ದಿನ ನಿಮ್ಮ ಹತ್ರಾನೇ ಇತ್ತಾ?”

“ಇತ್ತು.”

ಅವನು ಕೆನ್ನೆ ಕೊಟ್ಟು ನಿಂತ. ಏಟು ಬೀಳಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತಳು. ವರದಿಯ ಜೊತೆಗೊಂದು ಎದೆಬಡಿತದ ಉದ್ದನೆಯ ಪಟ್ಟಿಯನ್ನು ಮಡಚಿಟ್ಟಿದ್ದರು. ಮಡಿಕೆ ಮಡಿಕೆಯಾಗಿ ಬಿಡಿಸಿದಳು. ಚೌಕಳಿ ಕಾಗದದ ಮೇಲೆ ಕಪ್ಪು ಗೀರು ಏರಿ ಇಳಿದು ಓಡಿತ್ತು.

ಹೊತ್ತಾಯಿತೆಂದು ಗೇಟಿನಿಂದ ಯಾರೋ ಕೂಗಿದರು. ಅವಳು ತಲೆಯೆತ್ತಲಿಲ್ಲ. ತೋರುಬೆರಳನ್ನು ಗೀರಿನ ಮೇಲಿಟ್ಟು, ಒಂದೊಂದೇ ಏರು ಹತ್ತಿಸಿ ಇಳಿಸಿ ನಿಧಾನಕ್ಕೆ ಕೊನೆವರೆಗೂ ಹೋದಳು. ಕಾಗದ ಮುಗಿದ ಕಡೆ ಬೆರಳು ಗಕ್ಕನೆ ನಿಂತಿತು. ಆಮೇಲೆ ಮತ್ತೆ ಮೊದಲಿಗೆ ಬಂತು.